ಗೆರೆ ಮೇಲೇರಿತು, ಉಳಿದವರೆಷ್ಟು?

ಒಂದು ಚಿತ್ರದಲ್ಲಿ ಎರಡು ಗೆರೆ. ಒಂದು ಇಡೀ ದೇಶದ್ದು, ಇನ್ನೊಂದು ಆ ದೇಶದೊಳಗಿನ ಒಂದು ಪ್ರದೇಶದ್ದು. ಪ್ರಾದೇಶಿಕ ವರದಿಗಳನ್ನು ಓದುವವರಿಗೆ ಇದಕ್ಕಿಂತ ಪರಿಚಿತವಾದದ್ದು ಬೇರೊಂದಿಲ್ಲ. ಜನಸಂಖ್ಯೆಗೊಂದು, ಉದ್ಯೋಗಕ್ಕೊಂದು, ಆದಾಯಕ್ಕೊಂದು ಅಂತ ಮೂರು ಚಿತ್ರ ಒಂದರ ಕೆಳಗೊಂದು ಇರುತ್ತವೆ. ಪ್ರದೇಶದ ಗೆರೆ ದೇಶದ ಗೆರೆಗಿಂತ ಮೇಲಿದ್ದರೆ ಸಮಾಧಾನ, ಕೆಳಗಿದ್ದರೆ ಕಳವಳ. ಕೆಳಗಿದ್ದದ್ದು ಮೇಲಿನದಕ್ಕೆ ಹತ್ತಿರವಾಗುತ್ತಿದ್ದರೆ 'ಅಂತರ ಕಡಿಮೆಯಾಗುತ್ತಿದೆ' ಎಂಬ ಒಂದು ಸಾಲು, ಅದರ ಜೊತೆಗೆ ಒಂದಿಷ್ಟು ಹೆಮ್ಮೆ.

ನಾನೂ ಹಲವು ವರ್ಷ ಹಾಗೇ ಓದಿದವನು. ಒಮ್ಮೆ ಇಂಥದೇ ಒಂದು ಕೋಷ್ಟಕ ಹಿಡಿದು, ತಲಾ ಆದಾಯದಲ್ಲಿ ದೇಶದ ಸರಾಸರಿಯನ್ನು ಬೆನ್ನಟ್ಟುತ್ತಿದ್ದ ಒಂದು ಪ್ರದೇಶದ ಬಗ್ಗೆ ಉತ್ಸಾಹದಿಂದ ಮಾತಾಡಿದ್ದೆ. ಎದುರಿಗೆ ಕೂತಿದ್ದ ಹಿರಿಯರೊಬ್ಬರು ಪೂರ್ತಿ ಕೇಳಿಸಿಕೊಂಡು, "ಗೆರೆ ಮೇಲೇರಿದೆ, ಸರಿ. ಅಲ್ಲಿ ಉಳಿದವರೆಷ್ಟು ಜನ ಅಂತ ನೋಡಿದಿರಾ?" ಎಂದರು. ನೋಡಿರಲಿಲ್ಲ. ಜನಸಂಖ್ಯೆಯ ಕೋಷ್ಟಕ ಎರಡು ಪುಟ ಹಿಂದೆಯೇ ಇತ್ತು. ಅದನ್ನು ಬೇರೆಯೇ ವಿಷಯ ಎಂದುಕೊಂಡು ದಾಟಿ ಬಂದಿದ್ದೆ. ಆ ಪ್ರಶ್ನೆ ಆಮೇಲೆ ನನ್ನನ್ನು ಬಿಟ್ಟಿಲ್ಲ. ಈ ಬರಹ ಅದೇ ಪ್ರಶ್ನೆಯ ಸುತ್ತ.

ಮೊದಲು ಒಂದು ನಿಜವಾದ ಉದಾಹರಣೆ. ಅಮೆರಿಕದ ಮಿಸಿಸಿಪಿ ರಾಜ್ಯದ ಜನಸಂಖ್ಯೆ 1940ರ ಜನಗಣತಿಯಲ್ಲಿ 21,83,796. 1950ರಲ್ಲಿ 21,78,914. 1960ರಲ್ಲಿ 21,78,141. ಇಪ್ಪತ್ತು ವರ್ಷ ಆ ರಾಜ್ಯದಲ್ಲಿ ಯಾರೂ ಹುಟ್ಟಲಿಲ್ಲವೇನೋ ಎನ್ನಿಸುವಷ್ಟು ಚಪ್ಪಟೆ ಗೆರೆ. ಅದೇ ಇಪ್ಪತ್ತು ವರ್ಷದಲ್ಲಿ ಇಡೀ ದೇಶದ ಜನಸಂಖ್ಯೆ ಸುಮಾರು 13.2 ಕೋಟಿಯಿಂದ 17.9 ಕೋಟಿಗೆ ಏರಿತ್ತು. ಈಗ ಆದಾಯದ ಚಿತ್ರಕ್ಕೆ ಬನ್ನಿ. 1940ರಲ್ಲಿ ಮಿಸಿಸಿಪಿಯ ತಲಾ ಆದಾಯ ದೇಶದ ಸರಾಸರಿಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಿತ್ತು, ಅಷ್ಟೇ. 1960ರ ಹೊತ್ತಿಗೆ ಅದು ಅರ್ಧವನ್ನು ದಾಟಿತ್ತು. ಆದಾಯದ ಚಿತ್ರವೊಂದನ್ನೇ ನೋಡಿದವರು ಇದನ್ನು ದೊಡ್ಡ ಗೆಲುವು ಎನ್ನುತ್ತಾರೆ. ಜನಸಂಖ್ಯೆಯ ಚಿತ್ರವೊಂದನ್ನೇ ನೋಡಿದವರು ದೊಡ್ಡ ಸೋಲು ಎನ್ನುತ್ತಾರೆ. ಎರಡೂ ಒಂದೇ ರಾಜ್ಯ, ಒಂದೇ ಅವಧಿ.

ನಡೆದದ್ದೇನು? ಅಲ್ಲಿ ಮಕ್ಕಳು ಧಾರಾಳವಾಗಿಯೇ ಹುಟ್ಟುತ್ತಿದ್ದರು. ಹುಟ್ಟಿದಷ್ಟೇ ಲೆಕ್ಕದಲ್ಲಿ ಜನ ರಾಜ್ಯ ಬಿಟ್ಟು ಹೋಗುತ್ತಿದ್ದರು. ಹೋದವರಲ್ಲಿ ಬಹುಪಾಲು ಕಪ್ಪು ಜನ. ಹತ್ತಿ ಹೊಲಗಳಲ್ಲಿ ಪಾಲಿಗೆ ದುಡಿದು ವರ್ಷದ ಕೊನೆಗೆ ಸಾಲದಲ್ಲೇ ಉಳಿಯುತ್ತಿದ್ದವರು, ಮತದ ಹಕ್ಕಿಲ್ಲದವರು, ಜೀವಕ್ಕೂ ಭದ್ರತೆ ಇಲ್ಲದವರು. 1910ರಿಂದ 1970ರವರೆಗೆ ಹೀಗೆ ದಕ್ಷಿಣದ ರಾಜ್ಯಗಳಿಂದ ಹೊರಟ ಕಪ್ಪು ಜನರ ಸಂಖ್ಯೆ ಸುಮಾರು 60 ಲಕ್ಷ. ಇತಿಹಾಸಕಾರರು ಅದನ್ನು ಮಹಾ ವಲಸೆ ಎಂದೇ ಕರೆಯುತ್ತಾರೆ. ಮಿಸಿಸಿಪಿಯವರು ಹೆಚ್ಚಾಗಿ ರೈಲು ಹತ್ತಿ ಷಿಕಾಗೊದ ಕಡೆ ಹೋದರು. ಎರಡನೇ ಮಹಾಯುದ್ಧ ಕಾರ್ಖಾನೆಗಳ ಬಾಗಿಲು ತೆರೆದಿತ್ತು. ಅದೇ ಹೊತ್ತಿಗೆ ಹತ್ತಿ ಬಿಡಿಸುವ ಯಂತ್ರ ಹೊಲಕ್ಕಿಳಿಯಿತು. ಹೊರಗಿನಿಂದ ಕರೆಯುವುದೂ ಒಳಗಿನಿಂದ ದೂಡುವುದೂ ಒಟ್ಟಿಗೇ ನಡೆದವು. 1940ರಲ್ಲಿ ರಾಜ್ಯದ ಜನರಲ್ಲಿ ಶೇ. 49ರಷ್ಟಿದ್ದ ಕಪ್ಪು ಜನ 1960ರಲ್ಲಿ ಶೇ. 42ಕ್ಕೆ ಇಳಿದಿದ್ದರು.

ಮಿಸಿಸಿಪಿಯಲ್ಲಿ ಉಳಿದವರ ಗಳಿಕೆಯೂ ನಿಜವಾಗಿಯೇ ಹೆಚ್ಚಿತು. ಕೂಲಿಗೆ ಜನ ಸಿಗದಾದಾಗ ಕೂಲಿ ಏರಲೇಬೇಕು. ಯಂತ್ರ ಬಂದ ಮೇಲೆ ಒಬ್ಬೊಬ್ಬರ ದುಡಿಮೆಯ ಫಲ ಹೆಚ್ಚಿತು, ಒಂದಿಷ್ಟು ಕಾರ್ಖಾನೆಗಳೂ ಬಂದವು. ಆದ್ದರಿಂದ ಅಂಕಿ ಸುಳ್ಳಲ್ಲ. ಆದರೆ ಆ ಅಂಕಿಯೊಳಗೆ ಎಷ್ಟು ಪಾಲು ಬೆಳವಣಿಗೆ, ಎಷ್ಟು ಪಾಲು ನಿರ್ಗಮನ ಎಂದು ಬಿಡಿಸಿ ನೋಡದೆ ಅದನ್ನು ಸಾಧನೆ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಇದನ್ನು ಇನ್ನಷ್ಟು ಬಿಡಿಸಿ ಹೇಳಲು ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಪ್ರದೇಶದಲ್ಲಿ ಹತ್ತು ಮನೆ ಇವೆ ಅಂದುಕೊಳ್ಳಿ. ಆರು ಮನೆಗಳ ಗಳಿಕೆ ತಲಾ 10, ನಾಲ್ಕು ಮನೆಗಳದ್ದು ತಲಾ 40. ಒಟ್ಟು 220, ಸರಾಸರಿ 22. ಆರು ಬಡ ಮನೆಗಳಲ್ಲಿ ಮೂರು ಮನೆಯವರು ಗುಳೆ ಹೋದರು. ಉಳಿದ ಏಳು ಮನೆಗಳ ಒಟ್ಟು ಗಳಿಕೆ 190, ಸರಾಸರಿ 27ಕ್ಕೆ ಏರಿತು. ಶೇ. 23ರಷ್ಟು ಬೆಳವಣಿಗೆ! ಅಲ್ಲಿ ಉಳಿದ ಒಬ್ಬರ ಕೈಗೂ ಒಂದು ಕಾಸು ಹೆಚ್ಚು ಬಂದಿಲ್ಲ.

ಈಗ ಹೋದವರ ಹಿಂದೆ ಹೋಗೋಣ. ಅವರು ಸೇರಿದ ಕಡೆ ಮೊದಲೇ ಹತ್ತು ಮನೆ ಇದ್ದವು, ಸರಾಸರಿ ಗಳಿಕೆ 50. ಹೊಸದಾಗಿ ಬಂದ ಮೂರು ಮನೆಯವರು ಅಲ್ಲಿ ತಲಾ 30 ಗಳಿಸತೊಡಗಿದರು. ಅವರ ಪಾಲಿಗೆ ಇದು ಮೂರು ಪಟ್ಟು ಏರಿಕೆ. ಆದರೆ ಆ ಊರಿನ ಸರಾಸರಿ 50ರಿಂದ 45ಕ್ಕೆ ಇಳಿಯಿತು. ಕೋಷ್ಟಕ ಬರೆಯುವವರು ಏನು ಬರೆಯುತ್ತಾರೆ? ಹಿಂದುಳಿದ ಪ್ರದೇಶ ಭರದಿಂದ ಬೆಳೆಯಿತು, ಮುಂದುವರಿದ ಪ್ರದೇಶ ಕುಸಿಯಿತು, ಶೇ. 44ರಷ್ಟಿದ್ದ ಅನುಪಾತ ಶೇ. 60ಕ್ಕೆ ಬಂತು. ನಿಜದಲ್ಲಿ ಬದುಕು ಬದಲಾದದ್ದು ಮೂರೇ ಮನೆಗಳದ್ದು. ಆ ಮೂರು ಮನೆಗೆ ಎರಡೂ ಕೋಷ್ಟಕದಲ್ಲಿ ಒಂದು ಸಾಲೂ ಇಲ್ಲ. ಒಂದರಲ್ಲಿ ಅವರು ಇಲ್ಲವಾದದ್ದೇ ಪ್ರಗತಿಯಾಯಿತು, ಇನ್ನೊಂದರಲ್ಲಿ ಅವರು ಬಂದದ್ದೇ ಹಿನ್ನಡೆಯಾಯಿತು.

ಈ ಲೆಕ್ಕ ಮಾಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಪ್ರದೇಶ ಎನ್ನುವುದು ಒಂದು ಗಡಿ. ಗಡಿಗೆ ಹಸಿವಿಲ್ಲ, ಗಡಿ ಸಾಲ ಮಾಡುವುದಿಲ್ಲ. ಗಳಿಸುವವರೂ ಕಳೆದುಕೊಳ್ಳುವವರೂ ಮನುಷ್ಯರು, ಅವರಿಗೆ ಕಾಲಿದೆ. ನಾವು ಅಳೆಯುವುದು ಮಾತ್ರ ಗಡಿಯನ್ನು.

ಐರ್ಲೆಂಡಿನ ಕಥೆ ಇದಕ್ಕಿಂತ ಉದ್ದ, ಇದಕ್ಕಿಂತ ಕಠೋರ. ಇಂದಿನ ಐರ್ಲೆಂಡ್ ಗಣರಾಜ್ಯದ ನೆಲದಲ್ಲಿ 1841ರಲ್ಲಿ ಸುಮಾರು 65 ಲಕ್ಷ ಜನ ಇದ್ದರು. ಆಲೂಗಡ್ಡೆಯ ರೋಗ, ಅದರ ಹಿಂದೆ ಮಹಾ ಕ್ಷಾಮ. ದ್ವೀಪದ ತುಂಬ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಸಂಖ್ಯೆಯಲ್ಲಿ ಹಡಗು ಹತ್ತಿದರು. ಕ್ಷಾಮ ಮುಗಿದ ಮೇಲೂ ಹಡಗು ಹತ್ತುವುದು ನಿಲ್ಲಲಿಲ್ಲ. 1961ರ ಹೊತ್ತಿಗೆ ಆ ನೆಲದಲ್ಲಿ ಉಳಿದವರು 28 ಲಕ್ಷ. ಯುರೋಪಿನ ಉಳಿದ ದೇಶಗಳ ಜನಸಂಖ್ಯೆ ಏರುತ್ತಲೇ ಇದ್ದ ನೂರಿಪ್ಪತ್ತು ವರ್ಷ ಅದು. ಕ್ಷಾಮದ ನಂತರದ ದಶಕಗಳಲ್ಲಿ ಅಲ್ಲಿನ ಕೂಲಿ ಬ್ರಿಟನ್ನಿನ ಕೂಲಿಗೆ ಹೋಲಿಸಿದರೆ ಮೇಲೇರಿದ್ದನ್ನು ಆರ್ಥಿಕ ಇತಿಹಾಸಕಾರರು ದಾಖಲಿಸಿದ್ದಾರೆ, ಅದಕ್ಕೆ ವಲಸೆಯೇ ಮುಖ್ಯ ಕಾರಣ ಎಂದೂ ತೋರಿಸಿದ್ದಾರೆ. ಅಂತರ ಕಡಿಮೆಯಾಯಿತು, ಹೌದು. ಆದರೆ ಖಾಲಿಯಾದ ಮನೆಗಳ ಮೇಲೆ ನಿಂತು ಕಡಿಮೆಯಾದ ಅಂತರ ಅದು.

ಇಷ್ಟು ಹೇಳಿದ ಮೇಲೆ ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಬಿಟ್ಟು ಹೋಗುವುದು ಯಾವಾಗಲೂ ದುರಂತವಲ್ಲ. ಮಿಸಿಸಿಪಿಯಿಂದ ಹೊರಟವರಿಗೆ ಉಳಿಯುವುದೇ ದುರಂತವಾಗಿತ್ತು. ಅವರನ್ನು ಹಿಡಿದು ನಿಲ್ಲಿಸಿ ಜನಸಂಖ್ಯೆಯ ಗೆರೆಯನ್ನು ಮೇಲೆತ್ತಿದ್ದರೆ ಅದು ಯಾರ ಒಳಿತಿಗಾಗುತ್ತಿತ್ತು? ಹಾಗಾಗಿ ಜನಸಂಖ್ಯೆ ಇಳಿದರೆ ಕೆಟ್ಟದ್ದು, ಏರಿದರೆ ಒಳ್ಳೆಯದು ಎಂಬ ಸರಳ ಲೆಕ್ಕವನ್ನೂ ನಾನು ನಂಬುವುದಿಲ್ಲ. ಹೋದವರು ದಾರಿ ಸಿಕ್ಕಿತೆಂದು ಹೋದರೋ, ಬೇರೆ ದಾರಿಯೇ ಇಲ್ಲದೆ ಹೋದರೋ, ಅದನ್ನು ತಿಳಿದುಕೊಳ್ಳಬೇಕು.

ಇನ್ನು ಉದ್ಯೋಗ.

ಒಂದು ಪ್ರದೇಶದಲ್ಲಿ ಹತ್ತು ವರ್ಷದಲ್ಲಿ ಉದ್ಯೋಗ ಶೇ. 6 ಹೆಚ್ಚಿತು, ದೇಶದಲ್ಲಿ ಶೇ. 10 ಹೆಚ್ಚಿತು ಎಂದಿಟ್ಟುಕೊಳ್ಳಿ. ಪ್ರದೇಶ ಸೋತಿತೆ? ಇದಕ್ಕೆ ಉತ್ತರ ಹುಡುಕಲು ಅರ್ಥಶಾಸ್ತ್ರದಲ್ಲಿ ಹಳೆಯದೊಂದು ವಿಧಾನ ಇದೆ, ಹೆಸರು ಶಿಫ್ಟ್-ಶೇರ್. 1940ರ ದಶಕದಲ್ಲಿ ಇದರ ಮೊದಲ ರೂಪಗಳು ಬಂದವು, 1960ರಲ್ಲಿ ಎಡ್ಗರ್ ಡನ್ ಅದಕ್ಕೆ ಇಂದು ಎಲ್ಲರೂ ಬಳಸುವ ಚೌಕಟ್ಟು ಕೊಟ್ಟರು. ಕೂಡುವುದು, ಕಳೆಯುವುದು, ಶೇಕಡಾ ಲೆಕ್ಕ ಬಂದರೆ ಸಾಕು, ಯಾರು ಬೇಕಾದರೂ ಕೂತು ಮಾಡಬಹುದು. ನನಗೆ ಅದರ ಬಗ್ಗೆ ಇರುವ ಪ್ರೀತಿಗೆ ಅದೂ ಒಂದು ಕಾರಣ.

ನಮ್ಮ ಕಲ್ಪನೆಯ ಪ್ರದೇಶದಲ್ಲಿ 1,000 ಉದ್ಯೋಗ: 600 ನೇಯ್ಗೆಯಲ್ಲಿ, 400 ಸೇವೆಗಳಲ್ಲಿ. ದೇಶದಾದ್ಯಂತ ನೇಯ್ಗೆ ಶೇ. 5 ಕುಗ್ಗಿದೆ, ಸೇವೆಗಳು ಶೇ. 20 ಬೆಳೆದಿವೆ, ಎಲ್ಲ ಸೇರಿ ಶೇ. 10. ಪ್ರದೇಶದಲ್ಲಿ ನೇಯ್ಗೆ ಕುಗ್ಗದೆ 600ರಲ್ಲೇ ನಿಂತಿದೆ, ಸೇವೆಗಳು 400ರಿಂದ 460ಕ್ಕೆ ಏರಿವೆ. ಒಟ್ಟು ಹೆಚ್ಚಳ 60.

ದೇಶದ ವೇಗದಲ್ಲೇ ಎಲ್ಲವೂ ನಡೆದಿದ್ದರೆ 100 ಹೆಚ್ಚಬೇಕಿತ್ತು. ಆದರೆ ಈ ಪ್ರದೇಶ ಕುಗ್ಗುತ್ತಿರುವ ಕಸುಬನ್ನೇ ಹೆಚ್ಚು ನೆಚ್ಚಿಕೊಂಡಿದೆ. ನೇಯ್ಗೆ ದೇಶದ ಒಟ್ಟು ದರಕ್ಕಿಂತ 15 ಅಂಶ ಹಿಂದಿದೆ, 600ಕ್ಕೆ ಅದು 90ರ ನಷ್ಟ. ಸೇವೆಗಳು 10 ಅಂಶ ಮುಂದಿವೆ, 400ಕ್ಕೆ ಅದು 40ರ ಲಾಭ. ಕಸುಬಿನ ಮಿಶ್ರಣದಿಂದಲೇ 50 ಹೋಯಿತು. ಅಂದರೆ ಇಂಥ ಮಿಶ್ರಣವಿರುವ ಪ್ರದೇಶದಿಂದ ನಿರೀಕ್ಷಿಸಬಹುದಾದದ್ದು 50. ಆದದ್ದು 60. ಉಳಿದ 10 ಈ ಪ್ರದೇಶದ್ದೇ ಸ್ವಂತ ಗಳಿಕೆ. ಅದನ್ನೂ ಒಡೆದು ನೋಡಿದರೆ, ದೇಶದಲ್ಲೆಲ್ಲ ನೇಯ್ಗೆ ಕುಗ್ಗುವಾಗ ಇಲ್ಲಿ ಕುಗ್ಗದೆ ನಿಂತದ್ದರಿಂದ 30 ಬಂದಿದೆ, ಸೇವೆಗಳಲ್ಲಿ ದೇಶದ ವೇಗ ಹಿಡಿಯಲಾಗದೆ 20 ಹೋಗಿದೆ.

ಸೋತ ಪ್ರದೇಶ ಎಂದು ಮೊದಲು ಕಂಡದ್ದರೊಳಗೆ ಎಷ್ಟೆಲ್ಲ ಇದೆ ನೋಡಿ. ಅಲ್ಲಿನ ನೇಕಾರರು ಏನೋ ಸರಿಯಾದದ್ದನ್ನು ಮಾಡುತ್ತಿದ್ದಾರೆ, ಅದೇನೆಂದು ಹೋಗಿ ಕೇಳಬೇಕು. ಅಲ್ಲಿನ ಸೇವಾ ವಲಯಕ್ಕೆ ಏನೋ ಅಡ್ಡಿಯಾಗಿದೆ, ಅದೇನೆಂದು ಹುಡುಕಬೇಕು. ಬರೀ ಶೇ. 6 ಮತ್ತು ಶೇ. 10 ಎಂಬ ಎರಡು ಅಂಕಿ ಹಿಡಿದು ಕೂತವರಿಗೆ ಈ ಎರಡೂ ಕೆಲಸ ಹೊಳೆಯುವುದೇ ಇಲ್ಲ. ಹಾಗೆಂದು ಶಿಫ್ಟ್-ಶೇರ್ ಕಾರಣ ಹೇಳುತ್ತದೆ ಅಂತಲ್ಲ. ಅದು ಎಲ್ಲಿ ಅಗೆಯಬೇಕು ಎಂದು ಗುರುತು ಹಾಕಿಕೊಡುತ್ತದೆ. ಅಗೆಯುವ ಕೆಲಸ ನಮ್ಮದು. ಇನ್ನೊಂದು ಎಚ್ಚರವೂ ಬೇಕು: ಯಾವ ವರ್ಷದಿಂದ ಲೆಕ್ಕ ಶುರು ಮಾಡುತ್ತೇವೆ, ಕಸುಬುಗಳನ್ನು ಎಷ್ಟು ಸಣ್ಣದಾಗಿ ವಿಂಗಡಿಸುತ್ತೇವೆ ಎಂಬುದರ ಮೇಲೆ ಈ ಅಂಕಿಗಳೆಲ್ಲ ಬದಲಾಗುತ್ತವೆ. ಬರಗಾಲದ ವರ್ಷದಿಂದ ಶುರು ಮಾಡಿದರೆ ಯಾವ ಪ್ರದೇಶವೂ ಜಿಗಿದಂತೆಯೇ ಕಾಣುತ್ತದೆ.

ಕಸುಬಿನ ಮಿಶ್ರಣದ ಹೊಡೆತ ಎಷ್ಟು ದೊಡ್ಡದಿರಬಹುದು ಎನ್ನುವುದಕ್ಕೆ ಅಮೆರಿಕದ ವೆಸ್ಟ್ ವರ್ಜೀನಿಯಾ ಸಾಕ್ಷಿ. 1950ರಲ್ಲಿ ಆ ರಾಜ್ಯದಲ್ಲಿ 20 ಲಕ್ಷದ ಮೇಲೆ ಜನ ಇದ್ದರು. 2020ರಲ್ಲಿ 17.9 ಲಕ್ಷ. ಎಪ್ಪತ್ತು ವರ್ಷದಲ್ಲಿ ದೇಶ 15 ಕೋಟಿಯಿಂದ 33 ಕೋಟಿಗೆ ಬೆಳೆದಾಗ ಈ ರಾಜ್ಯ ಕುಗ್ಗಿತು. ಕಲ್ಲಿದ್ದಲು ಮುಗಿಯಿತು, ಅದಕ್ಕೇ ಹೀಗಾಯಿತು ಎಂದು ಸುಲಭವಾಗಿ ಹೇಳಿಬಿಡುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. 1990ರ ದಶಕದಲ್ಲಿ ಅಲ್ಲಿನ ಗಣಿಗಳಿಂದ ತೆಗೆದ ಕಲ್ಲಿದ್ದಲು 1940ರ ದಶಕದ ಉತ್ತುಂಗದ ವರ್ಷಗಳಷ್ಟೇ ಇತ್ತು. ಆದರೆ ಲಕ್ಷಕ್ಕೂ ಮೇಲ್ಪಟ್ಟು ಗಣಿ ಕಾರ್ಮಿಕರು ಮಾಡುತ್ತಿದ್ದ ಕೆಲಸವನ್ನು ಆ ಹೊತ್ತಿಗೆ ಅದರ ಒಂದು ಸಣ್ಣ ಪಾಲು ಜನ ಮಾಡುತ್ತಿದ್ದರು. ಯಂತ್ರ ಒಳಗಿಳಿದಿತ್ತು. ಉತ್ಪಾದನೆಯ ಗೆರೆ ನಿಂತಲ್ಲೇ ನಿಂತಿದ್ದಾಗ ಉದ್ಯೋಗದ ಗೆರೆ ಪಾತಾಳ ಕಂಡಿತ್ತು. ಒಂದು ಪ್ರದೇಶ ಏನನ್ನು ಉತ್ಪಾದಿಸುತ್ತದೆ ಎಂಬುದಕ್ಕೂ ಅಲ್ಲಿ ಎಷ್ಟು ಜನರಿಗೆ ಕೆಲಸವಿದೆ ಎಂಬುದಕ್ಕೂ ನಡುವೆ ಇಷ್ಟು ದೂರ ಬೀಳಬಹುದು.

ನಿರುದ್ಯೋಗ ದರದ ವಿಷಯದಲ್ಲಿ ನನ್ನ ತಕರಾರು ಇನ್ನೂ ಹೆಚ್ಚಿನದು. ಕೆಲಸ ಹುಡುಕುತ್ತಿರುವವರನ್ನು ಮಾತ್ರ ಅದು ನಿರುದ್ಯೋಗಿಗಳೆಂದು ಎಣಿಸುತ್ತದೆ. ಹುಡುಕಿ ಸೋತು ಮನೆಯಲ್ಲಿ ಕೂತವರು ಲೆಕ್ಕದಿಂದ ಹೊರಗೆ, ಊರು ಬಿಟ್ಟು ಹೋದವರು ಕೂಡ ಹೊರಗೆ. 1992ರಲ್ಲಿ ಅರ್ಥಶಾಸ್ತ್ರಜ್ಞರಾದ ಒಲಿವಿಯರ್ ಬ್ಲಾನ್‌ಶಾರ್ ಮತ್ತು ಲಾರೆನ್ಸ್ ಕಾಟ್ಜ್ ಅಮೆರಿಕದ ರಾಜ್ಯಗಳ ಅಂಕಿಗಳನ್ನು ಹಿಡಿದು ತೋರಿಸಿದ್ದು ಇದನ್ನೇ. ಒಂದು ರಾಜ್ಯಕ್ಕೆ ಉದ್ಯೋಗದ ಹೊಡೆತ ಬಿದ್ದರೆ ಆರೇಳು ವರ್ಷದಲ್ಲಿ ಅಲ್ಲಿನ ನಿರುದ್ಯೋಗ ದರ ಮತ್ತೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಕೇಳಲು ಹಿತವಾಗಿದೆ. ಆದರೆ ಹೋದ ಉದ್ಯೋಗಗಳು ವಾಪಸು ಬಂದು ದರ ಇಳಿಯುವುದಲ್ಲ, ಕೆಲಸ ಕಳೆದುಕೊಂಡವರು ಬೇರೆ ರಾಜ್ಯಕ್ಕೆ ಹೋಗಿಬಿಡುವುದರಿಂದ ಇಳಿಯುತ್ತದೆ. ಉದ್ಯೋಗದ ಒಟ್ಟು ಸಂಖ್ಯೆ ಮಾತ್ರ ಹಳೆಯ ದಾರಿಗೆ ಮರಳುವುದೇ ಇಲ್ಲ.

ಆಮೇಲಿನ ದಶಕಗಳಲ್ಲಿ ಹೀಗೆ ಬಿಟ್ಟು ಹೋಗುವುದೂ ಕಡಿಮೆಯಾಯಿತು. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಹೋಗುವವರ ಪ್ರಮಾಣ 1980ರ ದಶಕದಿಂದೀಚೆಗೆ ಇಳಿಯುತ್ತಲೇ ಬಂದಿದೆ. ಚೀನಾದ ಸರಕು ಬಂದು ಕಾರ್ಖಾನೆಗಳು ಮುಚ್ಚಿದ ಪ್ರದೇಶಗಳನ್ನು ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ 2013ರಲ್ಲಿ ಅಧ್ಯಯನ ಮಾಡಿದಾಗ ಕಂಡದ್ದು, ಜನ ಅಷ್ಟಾಗಿ ಊರು ಬಿಡಲಿಲ್ಲ ಎಂದು. ಉಳಿದರು, ಆದರೆ ಕೆಲಸವಿಲ್ಲದೆ ಉಳಿದರು, ಸರ್ಕಾರದ ನೆರವಿನ ಮೇಲೆ ಉಳಿದರು. ಹೆಚ್ಚು ಸಂಬಳದ ನಗರಗಳಲ್ಲಿ ಮನೆ ಬಾಡಿಗೆ ಕೈಗೆಟಕದಂತೆ ಏರಿರುವಾಗ, ಕಡಿಮೆ ಓದಿದವರು ಹೋಗಿ ಗಳಿಸುವುದೇನು, ಉಳಿಸುವುದೇನು? ಗಳಿಕೆಯ ಅಂತರ ಬಾಡಿಗೆಯಲ್ಲೇ ಕರಗುತ್ತದೆ. ಹಾಗಾಗಿ ಇಂದಿನ ಚಪ್ಪಟೆ ಜನಸಂಖ್ಯೆಯ ಗೆರೆಗೆ 1950ರ ಮಿಸಿಸಿಪಿಯ ಅರ್ಥ ಇರಬೇಕಾಗಿಲ್ಲ. ಅಲ್ಲಿ ಅದು ಬಾಗಿಲು ದಾಟಿದವರ ಗುರುತು, ಇಲ್ಲಿ ದಾಟಲಾಗದವರದ್ದೂ ಇರಬಹುದು.

ಏರುವ ಗೆರೆಗೂ ಇದೇ ಪರೀಕ್ಷೆ ಬೇಕು. ಅಮೆರಿಕದ ನಾರ್ತ್ ಡಕೋಟಾ ರಾಜ್ಯದಲ್ಲಿ 1930ರಲ್ಲಿ 6,80,845 ಜನ ಇದ್ದರು. ಎಂಬತ್ತು ವರ್ಷದ ನಂತರ, 2010ರಲ್ಲಿ, 6,72,591. ಅಷ್ಟರಲ್ಲಿ ಅಲ್ಲಿನ ನೆಲದಡಿಯ ಬಾಕನ್ ಎಂಬ ಶೇಲ್ ಕಲ್ಲಿನ ಪದರದಿಂದ ತೈಲ ತೆಗೆಯುವ ತಂತ್ರ ಕೈಗೆ ಬಂತು. 2020ರ ಗಣತಿಯಲ್ಲಿ ಜನಸಂಖ್ಯೆ 7,79,094, ಹತ್ತು ವರ್ಷದಲ್ಲಿ ಶೇ. 15.8 ಏರಿಕೆ, ದೇಶದ ದರ ಶೇ. 7.4. ಅಲ್ಲಿನ ಮೆಕೆಂಜಿ ಕೌಂಟಿ (ನಮ್ಮ ಜಿಲ್ಲೆಯಂಥದು) ಆ ದಶಕದಲ್ಲಿ ಇಡೀ ದೇಶದಲ್ಲೇ ಅತಿ ವೇಗವಾಗಿ ಬೆಳೆದ ಕೌಂಟಿ, ಶೇ. 131. ಈ ಅಂಕಿ ಬೆರಗು ಹುಟ್ಟಿಸುತ್ತದೆ, ಆದರೆ 2010ರಲ್ಲಿ ಆ ಕೌಂಟಿಯಲ್ಲಿದ್ದವರು ಆರು ಸಾವಿರ ಚಿಲ್ಲರೆ ಜನ ಎಂದು ತಿಳಿದರೆ ಬೆರಗು ಒಂದಿಷ್ಟು ಇಳಿಯುತ್ತದೆ. ಬುಡ ಸಣ್ಣದಿದ್ದರೆ ಶೇಕಡಾವಾರು ಬೇಗ ಉಬ್ಬುತ್ತದೆ. ಜೊತೆಗೆ ಆ ಗಳಿಕೆ ತೈಲದ ಬೆಲೆಯ ಹಗ್ಗ ಹಿಡಿದು ತೂಗುತ್ತಿತ್ತು. 2014ರ ಕೊನೆಯಲ್ಲಿ ಬೆಲೆ ಕುಸಿದಾಗ ಕೊರೆಯುವ ರಿಗ್‌ಗಳು ಒಂದೊಂದಾಗಿ ನಿಂತವು, ಕೆಲಸಕ್ಕೆಂದು ಬಂದವರಲ್ಲಿ ಅನೇಕರು ಗಂಟುಮೂಟೆ ಕಟ್ಟಿದರು. ಮೂರೂ ಗೆರೆ ದೇಶದ ಗೆರೆಗಿಂತ ಮೇಲಿದ್ದ ವರ್ಷಗಳಲ್ಲೇ ಅಲ್ಲಿನ ಹಳೆಯ ಬಾಡಿಗೆದಾರರು ಬಾಡಿಗೆ ಕಟ್ಟಲಾಗದೆ ಒದ್ದಾಡಿದ್ದರು.

ಆದಾಯದ ಅಂಕಿಯ ಬಗ್ಗೆ ಹೇಳಲು ಬಹಳ ಇದೆ. ಎರಡೇ ಸಂಗತಿ ಹೇಳುತ್ತೇನೆ, ಎರಡೂ ಭಾಗಾಕಾರಕ್ಕೆ ಸಂಬಂಧಿಸಿದ್ದು.

ತಲಾ ಜಿಡಿಪಿ ಎಂದರೆ ಒಂದು ಗಡಿಯೊಳಗೆ ಉತ್ಪಾದನೆಯಾದ ಮೌಲ್ಯವನ್ನು ಆ ಗಡಿಯೊಳಗೆ ವಾಸಿಸುವವರ ಸಂಖ್ಯೆಯಿಂದ ಭಾಗಿಸುವುದು. ಉತ್ಪಾದಿಸುವವರೂ ವಾಸಿಸುವವರೂ ಒಬ್ಬರೇ ಆಗಿದ್ದರೆ ಸರಿ. ಲಕ್ಸೆಂಬರ್ಗ್‌ನಲ್ಲಿ ಪ್ರತಿದಿನ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳಿಂದ ಎರಡು ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಕೆಲಸಕ್ಕೆ ಬಂದು ಸಂಜೆ ಮನೆಗೆ ಮರಳುತ್ತಾರೆ. ಅವರ ದುಡಿಮೆ ಲೆಕ್ಕದ ಮೇಲಿನ ಸಾಲಿನಲ್ಲಿದೆ, ಅವರು ಕೆಳಗಿನ ಸಾಲಿನಲ್ಲಿಲ್ಲ. ಮಹಾನಗರದ ನಡುಭಾಗವನ್ನು ಮಾತ್ರ ಪ್ರದೇಶವೆಂದು ಹಿಡಿದರೂ ಹೀಗೇ ಆಗುತ್ತದೆ. ಗಡಿಯನ್ನು ಎಲ್ಲಿ ಎಳೆಯುತ್ತೇವೆ ಎನ್ನುವುದು ಜನಸಂಖ್ಯೆಯ ಕಥೆಯನ್ನೂ ಬದಲಿಸುತ್ತದೆ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 1950ರಲ್ಲಿ 18.5 ಲಕ್ಷ ಜನ ಇದ್ದರು, 2020ರಲ್ಲಿ 6.4 ಲಕ್ಷ. ಉಪನಗರಗಳನ್ನು ಸೇರಿಸಿಕೊಂಡ ಮಹಾನಗರ ಪ್ರದೇಶದ ಜನಸಂಖ್ಯೆ ಮಾತ್ರ 1970ರಿಂದ ಈಚೆಗೆ 40 ಲಕ್ಷದ ಮೇಲೆಯೇ ನಿಂತಿದೆ. ಒಂದು ಗಡಿ ಹಿಡಿದರೆ ಪತನದ ಕಥೆ, ಇನ್ನೊಂದು ಹಿಡಿದರೆ ಚದುರಿಹೋದವರ, ಬಿಟ್ಟುಹೋದವರ ಕಥೆ.

ಎರಡನೆಯದು, ಮೇಲಿನ ಸಾಲಿನಲ್ಲಿ ಏನೇನು ಸೇರಿದೆ ಎನ್ನುವುದು. 2015ರಲ್ಲಿ ಐರ್ಲೆಂಡಿನ ಜಿಡಿಪಿ ಒಂದೇ ವರ್ಷದಲ್ಲಿ ಶೇ. 26 ಏರಿತೆಂದು ಅಂಕಿ ಬಂತು. ಆ ವರ್ಷ ಅಲ್ಲಿ ಉದ್ಯೋಗ ಹೆಚ್ಚಿದ್ದು ಶೇ. 3ರ ಒಳಗೆ. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟ್‌ನಂಥ ಆಸ್ತಿಗಳನ್ನು ಲೆಕ್ಕಪತ್ರದಲ್ಲಿ ಅಲ್ಲಿಗೆ ವರ್ಗಾಯಿಸಿದ್ದರ ಫಲ ಅದು. ಅಲ್ಲಿನ ಅಂಕಿಅಂಶ ಕಚೇರಿ ಆಮೇಲೆ ಅಂಥದನ್ನು ಕಳೆದು ತೆಗೆದ ಬೇರೊಂದು ಅಳತೆಯನ್ನು ರೂಪಿಸಿ 2017ರಿಂದ ಪ್ರಕಟಿಸತೊಡಗಿತು. ತನ್ನ ದೇಶ ಜಿಡಿಪಿ ತೋರಿಸಿದ್ದಕ್ಕಿಂತ ಚಿಕ್ಕದಾಗಿ ಕಾಣುವ ಅಂಕಿಯನ್ನು ತಾನೇ ಮುಂದಿಟ್ಟ ಆ ಕಚೇರಿಯ ಬಗ್ಗೆ ನನಗೆ ತುಂಬ ಗೌರವ. ಇನ್ನು ವೆಸ್ಟ್ ವರ್ಜೀನಿಯಾದಂಥ ಕಡೆ ಇದರ ತಿರುಗುಮುರುಗು. ಜನರ ಆದಾಯದಲ್ಲಿ ಕಾಲು ಭಾಗಕ್ಕೂ ಹೆಚ್ಚು ಪಿಂಚಣಿ, ವೈದ್ಯಕೀಯ ನೆರವು ಮುಂತಾದ ಸರ್ಕಾರಿ ಪಾವತಿಗಳಿಂದ ಬರುತ್ತದೆ. ಅದು ಅವರ ಹಕ್ಕಿನ ಹಣ, ಅದರಿಂದ ಬದುಕು ನಡೆಯುತ್ತದೆ. ಆದರೆ ಅದು ಏರಿದ್ದನ್ನು ಕಂಡು ಅಲ್ಲಿನ ದುಡಿಮೆ ಏರಿತೆಂದು ತಿಳಿಯುವಂತಿಲ್ಲ.

ಕಾಲ ಕಳೆದಂತೆ ಅಂತರಗಳು ತಾವಾಗಿಯೇ ಮುಚ್ಚುತ್ತವೆಯೇ? ಈ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಹಳೆಯ ಜಗಳವಿದೆ. ಸ್ವೀಡನ್ನಿನ ಗುನ್ನಾರ್ ಮಿರ್ಡಾಲ್ 1957ರಲ್ಲಿ ಮುಚ್ಚುವುದಿಲ್ಲ ಎಂದು ವಾದಿಸಿದರು. ಒಮ್ಮೆ ಮುಂದೆ ಹೋದ ಪ್ರದೇಶ ಸುತ್ತಲಿನ ಬಂಡವಾಳವನ್ನೂ ಚುರುಕಾದ ಯುವಜನರನ್ನೂ ಎಳೆದುಕೊಳ್ಳುತ್ತದೆ, ಅವರು ಹೋದಂತೆ ಹಿಂದುಳಿದ ಕಡೆ ತೆರಿಗೆ ಕುಗ್ಗುತ್ತದೆ, ತೆರಿಗೆ ಕುಗ್ಗಿದಂತೆ ಶಾಲೆ ರಸ್ತೆ ಕುಗ್ಗುತ್ತವೆ, ಆಗ ಮತ್ತಷ್ಟು ಜನ ಹೋಗುತ್ತಾರೆ. ಸಮೃದ್ಧಿ ಸುತ್ತಲೂ ಹರಡುವುದೂ ಉಂಟು, ಆದರೆ ಹೀರಿಕೊಳ್ಳುವ ಬಲದ ಮುಂದೆ ಅದು ಸಣ್ಣದು ಎಂದರು ಅವರು. ಇದಕ್ಕೆ ಎದುರಾಗಿ 1990ರ ದಶಕದ ಆರಂಭದಲ್ಲಿ ರಾಬರ್ಟ್ ಬಾರೊ ಮತ್ತು ಕ್ಸೇವಿಯರ್ ಸಾಲಾ-ಇ-ಮಾರ್ಟಿನ್ ಅಮೆರಿಕದ ರಾಜ್ಯಗಳ ನೂರು ವರ್ಷದ ಅಂಕಿ ಜೋಡಿಸಿ, ವರ್ಷಕ್ಕೆ ಸರಿಸುಮಾರು ಶೇ. 2ರಂತೆ ಅಂತರ ಮುಚ್ಚುತ್ತಾ ಬಂದಿದೆ ಎಂದು ತೋರಿಸಿದರು. ಶೇ. 2 ಎಂದರೆ ಅರ್ಧ ಅಂತರ ಮುಚ್ಚಲು ಸುಮಾರು 35 ವರ್ಷ. ಕೆಲಸಕ್ಕೆ ಸೇರಿದವರು ನಿವೃತ್ತರಾಗುವಷ್ಟು ಕಾಲ. ಅಷ್ಟು ನಿಧಾನದ ದರವೂ 1980ರ ನಂತರ ಅಲ್ಲಿ ಇನ್ನಷ್ಟು ನಿಧಾನವಾಯಿತು.

ನನಗೆ ಮಿರ್ಡಾಲ್ ಹೇಳಿದ್ದೇ ಹೆಚ್ಚು ಕಣ್ಣಿಗೆ ಕಟ್ಟುತ್ತದೆ. ಅದಕ್ಕೆ ಪೂರ್ವ ಜರ್ಮನಿ ಒಂದು ಕಾರಣ. 1990ರ ಜುಲೈ 1ರಂದು ಎರಡೂ ಕಡೆಗೆ ಒಂದೇ ಹಣ, ಅಕ್ಟೋಬರ್ 3ರಂದು ಒಂದೇ ದೇಶ. ಪೂರ್ವದ ಕಾರ್ಖಾನೆಗಳು ಪಶ್ಚಿಮದ ಹಣದಲ್ಲಿ ಸಂಬಳ ಕೊಡಲಾಗದೆ ಬಿದ್ದವು. ಅಪಾರ ಹಣ ಪಶ್ಚಿಮದಿಂದ ಪೂರ್ವಕ್ಕೆ ಹರಿಯಿತು. ಸಂಬಳ, ಪಿಂಚಣಿ, ರಸ್ತೆ ಎಲ್ಲವೂ ಉತ್ತಮಗೊಂಡವು. ಆದರೆ ಜನ ಎದುರು ದಿಕ್ಕಿಗೆ ಹರಿದರು, ಅದರಲ್ಲೂ ಯುವತಿಯರು ಯುವಕರಿಗಿಂತ ಹೆಚ್ಚಾಗಿ ಹೋದರು. ಇಲ್ಲಿ ಗಮನಿಸಬೇಕಾದದ್ದು ಹೋದವರ ಸಂಖ್ಯೆ ಒಂದನ್ನೇ ಅಲ್ಲ. ಒಬ್ಬ ಯುವತಿ ಹೋದಾಗ ಆ ಪ್ರದೇಶ ಮುಂದಿನ ಪೀಳಿಗೆಯನ್ನೂ ಕಳೆದುಕೊಳ್ಳುತ್ತದೆ. 2017ರಲ್ಲಿ ಮೊದಲ ಬಾರಿಗೆ ಪೂರ್ವಕ್ಕೆ ಬಂದವರು ಹೋದವರಿಗಿಂತ ಹೆಚ್ಚಾದರು. ಆ ಹೊತ್ತಿಗೆ ಶಾಲೆಗಳು ಮುಚ್ಚಿ ವರ್ಷಗಳಾಗಿದ್ದವು.

ಜಪಾನಿನಲ್ಲಿ 2014ರಲ್ಲಿ ಮಾಜಿ ಸಚಿವ ಹಿರೋಯಾ ಮಸುದಾ ನೇತೃತ್ವದ ತಂಡವೊಂದು ಇದೇ ಎಳೆ ಹಿಡಿದು ಒಂದು ಪಟ್ಟಿ ಮಾಡಿತು. ಆ ಪಟ್ಟಿಗೆ ಅವರು ಆದಾಯವನ್ನೂ ಅಳತೆಯಾಗಿ ಹಿಡಿಯಲಿಲ್ಲ, ಒಟ್ಟು ಜನಸಂಖ್ಯೆಯನ್ನೂ ಹಿಡಿಯಲಿಲ್ಲ. 20ರಿಂದ 39 ವರ್ಷದ ಹೆಂಗಸರ ಸಂಖ್ಯೆ 2040ರ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಇಳಿಯುವ ಊರುಗಳು ಯಾವುವು ಎಂದು ಹುಡುಕಿದರು. 896 ಸಿಕ್ಕವು, ದೇಶದ ಒಟ್ಟು ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು. ಆ ಪಟ್ಟಿಯ ಬಗ್ಗೆ ದೊಡ್ಡ ಚರ್ಚೆಯಾಯಿತು. ಹೆಂಗಸರನ್ನು ಬರೀ ಹೆರುವವರಂತೆ ಎಣಿಸಿದ್ದಕ್ಕೆ ಬಂದ ಆಕ್ಷೇಪ ನ್ಯಾಯವಾದದ್ದೇ. ಆದರೂ ಆ ಲೆಕ್ಕ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ ಕಾರಣಕ್ಕೆ. ಒಂದು ಊರು ಬೆಳೆಯುತ್ತಿದೆಯೇ ಎಂದು ತಿಳಿಯಲು ಸರಾಸರಿಯನ್ನು ಬದಿಗಿಟ್ಟು, ಅಲ್ಲಿಂದ ಯಾರು ಹೋಗುತ್ತಿದ್ದಾರೆ ಎಂದು ನೇರವಾಗಿ ಕೇಳಿದ ಲೆಕ್ಕ ಅದು. ಓದಿದ ಹುಡುಗಿಗೆ ಅಲ್ಲಿ ಮಾಡಲು ತಕ್ಕ ಕೆಲಸವಿಲ್ಲ ಎಂಬ ಸಂಗತಿ ತಲಾ ಆದಾಯದ ಯಾವ ಸಾಲಿನಲ್ಲೂ ಕಾಣುವುದಿಲ್ಲ. ಅವಳು ಹೋದ ವರ್ಷ ಆ ಸರಾಸರಿ ತುಸು ಮೇಲೇ ಏರಿರಬಹುದು.

ಈಗ ನಾನು ಇಂಥ ವರದಿ ಕೈಗೆತ್ತಿಕೊಂಡರೆ ಆದಾಯದ ಪುಟದಿಂದ ಶುರು ಮಾಡುವುದಿಲ್ಲ. ಮೊದಲು ವಯಸ್ಸಿನ ಕೋಷ್ಟಕ ತೆರೆಯುತ್ತೇನೆ. ಹತ್ತು ವರ್ಷದ ಹಿಂದೆ 10ರಿಂದ 19 ವರ್ಷದವರಾಗಿದ್ದವರು ಎಷ್ಟು, ಈಗ ಅಲ್ಲಿ 20ರಿಂದ 29 ವರ್ಷದವರು ಎಷ್ಟು. ಆ ವಯಸ್ಸಿನಲ್ಲಿ ಸಾಯುವವರು ಕಡಿಮೆ, ಆದ್ದರಿಂದ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಬಂದವರ ಮತ್ತು ಹೋದವರ ಲೆಕ್ಕವೇ. ಹುಡುಗರದ್ದು ಬೇರೆ, ಹುಡುಗಿಯರದ್ದು ಬೇರೆ ತೆಗೆಯುತ್ತೇನೆ. ಆಮೇಲೆ ಉದ್ಯೋಗವನ್ನು ಕಸುಬಿನ ಪ್ರಕಾರ ಒಡೆಯುತ್ತೇನೆ. ಆದಾಯಕ್ಕೆ ಬರುವುದು ಕೊನೆಗೆ.

ಕಳೆದ ತಿಂಗಳು ಮತ್ತೊಮ್ಮೆ ಐರ್ಲೆಂಡಿನ ಹಳೆಯ ಗಣತಿಗಳನ್ನು ತೆರೆದು ಕೂತಿದ್ದೆ. 2022ರ ಗಣತಿಯಲ್ಲಿ ಆ ದೇಶದ ಜನಸಂಖ್ಯೆ 51 ಲಕ್ಷ ದಾಟಿತ್ತು. 1851ರ ನಂತರ ಗಣತಿಯಲ್ಲಿ ಅದು 50 ಲಕ್ಷ ಮುಟ್ಟಿದ್ದು ಅದೇ ಮೊದಲು. ನೂರ ಎಪ್ಪತ್ತೊಂದು ವರ್ಷ. 1841ರ 65 ಲಕ್ಷಕ್ಕೆ ಆಗಲೂ ಹದಿಮೂರು ಹದಿನಾಲ್ಕು ಲಕ್ಷ ಬಾಕಿ ಇತ್ತು.